ಮಾಳಿಗೆಯ ಮೇಲಿನ ಮಣ್ಣು

ನಮ್ಮ ದುಂಡಸಿ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ಬೀಗರು ಬಿಜ್ಜರಿಗೆ ಫೋನು ಹೋಗುವ ಹೊತ್ತಿಗೇ ಭಜನಿ ಮ್ಯಾಳದವರಿಗೂ ಹೇಳಿ ಕಳಿಸುತ್ತಾರೆ. ಲಿಂಗಾಯತರ ಮನೆಯಾದರೆ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಗಂಡಸಾದರೆ ರುಮಾಲು ಸುತ್ತಿ, ಮುತ್ತೈದೆಯಾದರೆ ಹೊಸ ಸೀರೆ ಉಡಿಸಿ ಉಡಿ ತುಂಬಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ಮಲಗಿಸುವುದಿಲ್ಲ. ಎದುರಿಗೆ ಜಮಖಾನೆ ಹಾಸಿ ಮ್ಯಾಳದವರು ಕೂಡುತ್ತಾರೆ. ಹಾರ್ಮೋನಿಯಂ, ತಬಲಾ, ತಾಳ, ಒಂದು ದಮ್ಮಡಿ. ಬೆಳಗಿನತನಕ ಹಾಡು. ನಡುರಾತ್ರಿ ಒಮ್ಮೆ ಚಹಾ ಬರುತ್ತದೆ. ಅತ್ತು ಅತ್ತು ಸಾಕಾದ ಹೆಂಗಸರು ಕಂಬಕ್ಕೆ ಒರಗಿ ಕೇಳುತ್ತಾರೆ, ಮಕ್ಕಳು ಸಿಕ್ಕವರ ತೊಡೆಯ ಮೇಲೆ ನಿದ್ದೆ ಹೋಗುತ್ತವೆ.

ಹಾಡುವ ಪದಗಳೆಲ್ಲ ದೇಹದ ಮೇಲಿನವೇ. ಇದು ನಿಲ್ಲುವಂಥದ್ದಲ್ಲ, ಇದನ್ನು ನೆಚ್ಚಬೇಡ, ಇದರೊಳಗಿದ್ದವನು ಬೇರೆ, ಅವನ ದಾರಿ ಬೇರೆ ಎಂದು ಶಿಶುನಾಳ ಶರೀಫರ, ನಿಜಗುಣರ, ಸರ್ಪಭೂಷಣರ ಪದಗಳು ಒಂದಾದ ಮೇಲೊಂದು ಬರುತ್ತವೆ. ಇದನ್ನೆಲ್ಲ ಹಾಡುತ್ತಿರುವುದು ರುಮಾಲು ಸುತ್ತಿಸಿಕೊಂಡು, ಹಾರ ಹಾಕಿಸಿಕೊಂಡು, ಮದುವಣಿಗನಷ್ಟು ಗೌರವದಿಂದ ಕೂತಿರುವ ಒಂದು ದೇಹದ ಮುಂದೆ. ಚಿಕ್ಕಂದಿನಿಂದ ಇದನ್ನು ಕಂಡಿದ್ದರೂ ಇದರ ಅಚ್ಚರಿ ನನಗೆ ತಿಳಿದದ್ದು ತಡವಾಗಿ. ದೇಹ ಏನೂ ಅಲ್ಲ ಎಂಬ ಮಾತು, ದೇಹಕ್ಕೆ ಇಷ್ಟೆಲ್ಲ ಉಪಚಾರ, ಎರಡೂ ಒಂದೇ ಪಡಸಾಲೆಯಲ್ಲಿ ಹೇಗೆ ಕೂತಿವೆ? ಯಾರೂ ಇದನ್ನು ವಿರೋಧವೆಂದು ತಿಳಿದಂತೆ ಕಾಣುವುದಿಲ್ಲ.

ಶಿಶುನಾಳ ನಮ್ಮ ಶಿಗ್ಗಾವಿ ತಾಲ್ಲೂಕಿನದೇ ಊರು. ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಎಪ್ಪತ್ತು ವರ್ಷ ತುಂಬಿದ ದಿನವೇ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಮನೆತನದ ಭಕ್ತಿ ಹುಲಗೂರಿನ ಖಾದರ ಷಾ ವಲಿಯವರಲ್ಲಿ. ಗುರುವಾಗಿ ಸಿಕ್ಕವರು ಕಳಸದ ಗೋವಿಂದ ಭಟ್ಟರು. ಕೆಲವು ಕಾಲ ಸಾಲಿ ಮಾಸ್ತರಿಕೆ ಮಾಡಿದರು, ಮದುವೆಯಾದರು, ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡರು. ಅವರ ಕೊನೆಗಾಲದ ಬಗ್ಗೆ ನಮ್ಮ ಕಡೆ ಒಂದು ಕಥೆ ಹೇಳುತ್ತಾರೆ. ಪ್ರಾಣ ಹೋಗುವ ಮುಂಚೆ ಲಿಂಗಾಯತರಲ್ಲಿ ಮಾಡುವಂತೆ ಜಂಗಮರ ಪಾದ ತಮ್ಮ ತಲೆಯ ಮೇಲೆ ಇಡಿಸಬೇಕೆಂದು ಅವರು ಕೇಳಿಕೊಂಡರಂತೆ. ಆಮೇಲೆ ಹಿಂದೂಗಳು ಮಂತ್ರ ಹೇಳಿದರು, ಮುಸಲ್ಮಾನರು ಕುರಾನು ಓದಿದರು, ಒಂದೇ ದೇಹಕ್ಕೆ ಎರಡೂ ಸಂಸ್ಕಾರ ನಡೆದವು. ದೇಹವನ್ನು ಬಗೆಬಗೆಯಾಗಿ ಎಚ್ಚರಿಸಿ ಹಾಡಿದ ಮನುಷ್ಯ ತನ್ನ ದೇಹಕ್ಕೆ ಕೊನೆಯಲ್ಲಿ ಬೇಡಿದ್ದು ಒಂದು ಪಾದದ ಭಾರವನ್ನು. ಈ ಕಥೆ ನನ್ನ ಮಟ್ಟಿಗೆ ಅವರ ಎಷ್ಟೋ ಪದಗಳಿಗೆ ಟೀಕೆ ಬರೆದ ಹಾಗಿದೆ.

ಅವರ ಸೋರುವ ಮಾಳಿಗೆಯ ಪದ ಗೊತ್ತಿಲ್ಲದ ಕನ್ನಡಿಗರಿಲ್ಲ. 1990ರಲ್ಲಿ ನಾಗಾಭರಣರ ಸಿನಿಮಾ ಬಂದ ಮೇಲಂತೂ, ಸಿ. ಅಶ್ವತ್ಥರ ರಾಗದಲ್ಲಿ ಅದು ಮೈಸೂರು, ಮಂಗಳೂರುಗಳ ಮನೆಮನೆಯನ್ನೂ ಹೊಕ್ಕಿತು. ಅಲ್ಲಿಯವರಿಗೆ ಅದು ವೈರಾಗ್ಯದ ಹಾಡು. ನಮ್ಮ ಹಿರಿಯರಿಗೆ ಅದರಲ್ಲಿ ಬೇರೊಂದು ಕೇಳಿಸುತ್ತಿತ್ತು ಎಂದು ನನ್ನ ನಂಬಿಕೆ. ಏಕೆಂದರೆ ಅವರು ಮಾಳಿಗೆಯ ಕೆಳಗೆ ಬಾಳಿದವರು.

ದುಂಡಸಿಯ ಮಗ್ಗುಲಿಗೆ ಕಾಡು ಬರುತ್ತದೆ, ಮಳೆ ಸ್ವಲ್ಪ ಹೆಚ್ಚು, ಹೆಂಚಿನ ಮನೆಗಳು ಜಾಸ್ತಿ. ಶಿಶುನಾಳದ ಕಡೆಗೆ ನಡೆದಂತೆ ಎರೆಭೂಮಿ, ಮಣ್ಣಿನ ಮಾಳಿಗೆಗಳು. ತೊಲೆಯ ಮೇಲೆ ಜಂತಿ ಜೋಡಿಸಿ, ಅದರ ಮೇಲೆ ಕಟ್ಟಿಗೆ, ಸೊಪ್ಪು ಹರಡಿ, ದಪ್ಪಗೆ ಮಣ್ಣು ಹಾಕಿ ಬಡಿದು ಮಾಡುವ ಚಾವಣಿ ಅದು. ಮಧ್ಯದಲ್ಲೊಂದು ಬೆಳಕಿಂಡಿ. ಇಂಥ ಮಾಳಿಗೆಯನ್ನು ಒಮ್ಮೆ ಕಟ್ಟಿ ಮರೆಯಲಾಗುವುದಿಲ್ಲ. ಬೇಸಿಗೆ ಮುಗಿಯುವ ಮುಂಚೆ ವರ್ಷವರ್ಷವೂ ನಿಚ್ಚಣಿಕೆ ಹಾಕಿ ಮೇಲೆ ಹತ್ತಬೇಕು. ಬೆಳೆದ ಹುಲ್ಲು ಕಿತ್ತು, ಇಲಿ ಕೊರೆದ ತೂತು, ಬಿಸಿಲಿಗೆ ಬಿಟ್ಟ ಬಿರುಕು ಹುಡುಕಿ, ಬುಟ್ಟಿಗಟ್ಟಲೆ ಸವುಳು ಮಣ್ಣು ಹೊತ್ತು ಹಾಕಬೇಕು. ಸವುಳು ಮಣ್ಣಿಗೆ ನೀರು ಬಿದ್ದರೆ ಅದು ಅರಳಿ ಸಂದು ಮುಚ್ಚಿಕೊಳ್ಳುತ್ತದೆ, ಕೆಳಗೆ ಇಳಿಯಗೊಡುವುದಿಲ್ಲ. ರೋಹಿಣಿ ಮಳೆ ಬಂದಾಗ ಮನೆಯಾಕೆ ಒಳಗೆ ನಿಂತು ಜಂತಿಯ ಸಾಲನ್ನೇ ನೋಡುತ್ತಾಳೆ. ಎಲ್ಲಿ ಹನಿ ಬಿತ್ತೋ ಅಲ್ಲಿ ಪಾತ್ರೆ ಇಟ್ಟು, ಗಂಡನಿಗೆ ಹೇಳುತ್ತಾಳೆ. ಹತ್ತದೆ ಉಳಿದರೆ ಮೊದಲು ನೆಲ, ಆಮೇಲೆ ಕಾಳು, ಆಮೇಲೆ ಗೋಡೆ.

ಶರೀಫರ ಪದದಲ್ಲಿ ಮಾಳಿಗೆ ಸೋರುವುದು ಅಜ್ಞಾನದಿಂದ. ದುರಸ್ತಿಗೆ ಜನವಿಲ್ಲ, ಕತ್ತಲಲ್ಲಿ ಮೇಲೆ ಹತ್ತುವ ಶಕ್ತಿ ತನಗಿಲ್ಲ ಎಂಬುದು ಅದರೊಳಗಿನ ಸಂಕಟ. ಮನೆ ಕೆಟ್ಟದ್ದೆಂದು ಅವರು ಎಲ್ಲಿಯೂ ಹೇಳುವುದಿಲ್ಲ. ಮನೆಗೆ ಬೆಂಕಿ ಇಡು, ಬಿಟ್ಟು ಓಡು ಎನ್ನುವುದಿಲ್ಲ. ಮಾಳಿಗೆಯ ಮೇಲೆ ಮಣ್ಣು ಹೊತ್ತು ಗೊತ್ತಿದ್ದವರಿಗೆ ಆ ಹಾಡು ಒಂದು ಕೆಲಸವನ್ನೂ ನೆನಪಿಸುತ್ತದೆ: ಇರುವವನು ಬೇರೆ, ಮನೆ ಬೇರೆ, ನಿಜ, ಅದಕ್ಕೇ ಮನೆಯನ್ನು ನೋಡಿಕೊಳ್ಳುವವನು ಒಬ್ಬನಿದ್ದಾನೆ.

ಭಗವದ್ಗೀತೆಯಲ್ಲಿ ಹಳೆ ಬಟ್ಟೆ ಬಿಟ್ಟು ಹೊಸತು ಉಡುವ ಮಾತು ಎಲ್ಲರ ಬಾಯಲ್ಲಿದೆ. ಮಣ್ಣು ಮಾಡಿ ಬಂದವರಿಗೆಲ್ಲ ಯಾರೋ ಒಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ನನಗೆ ಅದಕ್ಕಿಂತ 13ನೆಯ ಅಧ್ಯಾಯ ಹೆಚ್ಚು ಹತ್ತಿರ. ಅಲ್ಲಿ ಕೃಷ್ಣ ದೇಹವನ್ನು ಹೊಲ ಎನ್ನುತ್ತಾನೆ, ಆತ್ಮವನ್ನು ಹೊಲವನ್ನು ಬಲ್ಲವನು ಎನ್ನುತ್ತಾನೆ. ಬಳಿಕ ಹೊಲದಲ್ಲಿ ಏನೇನಿದೆ ಎಂದು ಉತಾರ ಬರೆದಂತೆ ಪಟ್ಟಿ ಮಾಡುತ್ತಾನೆ. ಪಂಚಭೂತ, ಅಹಂಕಾರ, ಬುದ್ಧಿ, ಹತ್ತು ಇಂದ್ರಿಯ, ಮನಸ್ಸು. ಅಷ್ಟಕ್ಕೇ ನಿಲ್ಲದೆ ಆಸೆ, ದ್ವೇಷ, ಸುಖ, ದುಃಖ, ಕೊನೆಗೆ ಧೈರ್ಯವೂ ಹೊಲದ ಲೆಕ್ಕಕ್ಕೇ ಸೇರುತ್ತದೆ. ನಾವು ಬಹಳ ಒಳಗಿನದು ಎಂದು ಜೋಪಾನ ಮಾಡಿದ್ದೆಲ್ಲ ಹೊಲದ ಬದುವಿನೊಳಗೇ ಬಂತು. ಬಲ್ಲವನಿಗೆ ಉಳಿದದ್ದು ಅರಿಯುವುದೊಂದೇ. ಗೋವಿನಜೋಳ, ಹತ್ತಿ, ಶೇಂಗಾ ಬೆಳೆಯುವ ನಮ್ಮವರಿಗೆ ಈ ಮಾತು ಬೇಗ ಹಿಡಿಸುತ್ತದೆ, ಹೊಲವನ್ನು ಹೀಗಳೆದು ಬದುಕಿದ ಒಕ್ಕಲಿಗನನ್ನು ಅವರು ಕಂಡಿಲ್ಲ.

ಇನ್ನು ಅದ್ವೈತ. ಅದು ನಮ್ಮ ಕಡೆಗೆ ಶೃಂಗೇರಿಯಿಂದ ಬಂದದ್ದಕ್ಕಿಂತ ಹುಬ್ಬಳ್ಳಿಯಿಂದ ಬಂದದ್ದೇ ಹೆಚ್ಚು. ಅಲ್ಲಿನ ಸಿದ್ಧಾರೂಢರು 1836ರಿಂದ 1929ರವರೆಗೆ ಬಾಳಿದರು. ಅವರ ಮಠದಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರವನ್ನು ಕನ್ನಡದಲ್ಲಿಯೇ, ಯಾರು ಬಂದು ಕೂತರೂ ಕೇಳುವಂತೆ ಹೇಳುವ ರೂಢಿ ಬೆಳೆಯಿತು. ಶಿವರಾತ್ರಿ ಜಾತ್ರೆಗೆ ಹೋಗಿಬಂದ ರೈತರು ಕಟ್ಟೆಯ ಮೇಲೆ ಸ್ಥೂಲ, ಸೂಕ್ಷ್ಮ, ಕಾರಣ ಶರೀರಗಳನ್ನು ಗೊಬ್ಬರದ ರೇಟಿನಷ್ಟೇ ಸಲೀಸಾಗಿ ಮಾತಾಡುತ್ತಿದ್ದರು. ವಿದ್ಯೆ ಹೀಗೆ ಹರಡಿದ್ದು ಈ ಸೀಮೆಯ ದೊಡ್ಡ ಭಾಗ್ಯ.

ಶಂಕರರು ಬ್ರಹ್ಮಸೂತ್ರ ಭಾಷ್ಯವನ್ನು ದೇವರಿಂದ ಶುರು ಮಾಡುವುದಿಲ್ಲ, ದಿನನಿತ್ಯದ ಮಾತಿನಿಂದ ಶುರು ಮಾಡುತ್ತಾರೆ. ಹೆಂಡತಿ ಮಕ್ಕಳಿಗೆ ಏನಾದರೂ ಆದರೆ ಅದು ತನಗೇ ಆಯಿತೆಂದು ಮನುಷ್ಯ ತಿಳಿಯುತ್ತಾನೆ. ನಾನು ದಪ್ಪ, ನಾನು ಸಣ್ಣ, ನಾನು ನಡೆದೆ ಎನ್ನುತ್ತಾನೆ, ಅವೆಲ್ಲ ದೇಹದವು. ನಾನು ಕುರುಡ, ನಾನು ಕಿವುಡ ಎನ್ನುತ್ತಾನೆ, ಅವು ಇಂದ್ರಿಯದವು. ನಾನು ಬಯಸಿದೆ, ನಾನು ಅನುಮಾನಿಸಿದೆ ಎನ್ನುತ್ತಾನೆ, ಅವು ಮನಸ್ಸಿನವು. ಇದೆಲ್ಲವನ್ನೂ ಸುಮ್ಮನೆ ನೋಡುತ್ತಿರುವ ಸಾಕ್ಷಿಯ ಮೇಲೆ ಹೇರಿ, ಆ ಹೇರನ್ನೇ ನಾನೆನ್ನುತ್ತಾನೆ. ಸಾವಿರಕ್ಕೂ ಮೇಲ್ಪಟ್ಟ ವರ್ಷಗಳ ಹಿಂದಿನ ಈ ಮಾತುಗಳನ್ನು ಓದುವಾಗ, ಯಾರೋ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಮ್ಮ ಮಾತು ಕೇಳಿಸಿಕೊಂಡು ಬರೆದಂತಿದೆ.

ನಮ್ಮ ಆಯಿ ಕೊನೆಯ ಕೆಲವು ವರ್ಷ ಮೊಣಕಾಲಿನ ಬಾಧೆಯಿಂದ ಎದ್ದು ಓಡಾಡಲಿಲ್ಲ. ಸಂಜೆ ನಾನು ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಚೂರು ಕರ್ಪೂರ ಹಾಕಿ ತಿಕ್ಕುತ್ತಿದ್ದೆ. ಚರ್ಮ ಎಷ್ಟು ತೆಳ್ಳಗಾಗಿತ್ತೆಂದರೆ ಕೈಗೆ ಎಲುಬಿನ ಅಂಚೇ ಸಿಗುತ್ತಿತ್ತು. ಒಂದು ಸಂಜೆ ಅವಳೆಂದಳು: "ಈ ಕಾಲು ನಂದಲ್ಲ ಬಿಡವಾ. ಯಾರದೋ ತಂದು ಹಚ್ಚ್ಯಾರ. ನಾ ಹೇಳಿದ್ದು ಒಂದೂ ಕೇಳವಲ್ದು."

ನಾನು ಕೈ ತಡೆದೆ.

"ಹಂಗಂತ ತಿಕ್ಕೂದು ಬಿಡಬ್ಯಾಡ ಮತ್ತ. ಯಾರದಾರ ಇರಲಿ, ನೋಯ್ತೈತಿ."

ಅವಳು ಶಾಸ್ತ್ರ ಓದಿದವಳಲ್ಲ. ಭಜನಿ ಕೇಳಿದವಳು. ಕಾಲು ನಾನಲ್ಲ ಎಂಬ ಅರಿವು ಅವಳಿಗೆ ನೋವಿನ ಮೂಲಕವೇ ಬಂದಿತ್ತು, ಆದರೆ ಆ ಅರಿವಿನಿಂದ ಅವಳು ಕಾಲನ್ನು ತಿರಸ್ಕರಿಸಲಿಲ್ಲ. ನನ್ನದಲ್ಲದ ಕಾಲಿಗೂ ಎಣ್ಣೆ ಬೇಕು. ವೇದಾಂತವನ್ನು ಓದಿದ ಎಷ್ಟೋ ಜನ ಇದರ ಮೊದಲ ಅರ್ಧವನ್ನಷ್ಟೇ ಹಿಡಿದು, ಮನೆಯಲ್ಲಿ ಮಲಗಿದ ಮುದುಕರ ಮುಂದೆ ದೇಹ ಮಿಥ್ಯೆ ಎಂದು ಪ್ರವಚನ ಮಾಡುವುದನ್ನು ಕಂಡಿದ್ದೇನೆ. ಅದನ್ನು ನಾನು ಸಹಿಸಲಾರೆ. ಮಿಥ್ಯೆ ಎನ್ನುವ ಹಕ್ಕು ನೋಯುತ್ತಿರುವವರಿಗೆ ಇದೆ, ನೋಡುತ್ತ ನಿಂತವರಿಗಿಲ್ಲ.

ದೇಹವನ್ನು ಬಿಡುವ ದಾರಿಯೂ ನಮ್ಮ ನೆಲದಲ್ಲಿ ಇತ್ತು, ಅದನ್ನು ಮುಚ್ಚಿಡಬಾರದು. ಬಂಕಾಪುರ ಇಲ್ಲಿಂದ ದೂರವಿಲ್ಲ. ಈಗ ಅಲ್ಲಿನ ಕೋಟೆಯೊಳಗೆ ನವಿಲುಗಳಿವೆ, ಖಿಲಾರಿ ದನಗಳಿವೆ, ಅರವತ್ತು ಕಂಬದ ನಗರೇಶ್ವರ ಗುಡಿಯಿದೆ. ಹತ್ತನೆಯ ಶತಮಾನದಲ್ಲಿ ಅದು ಜೈನರ ದೊಡ್ಡ ವಿದ್ಯಾಕೇಂದ್ರ. ಗಂಗರ ದೊರೆ ಮಾರಸಿಂಹ, ಯುದ್ಧದಲ್ಲಿ ಕೈ ಪಳಗಿದವನು, 974ರ ಸುಮಾರಿಗೆ ಇಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಉಪವಾಸದ ಸಲ್ಲೇಖನ ವ್ರತ ನೋಂತು ಪ್ರಾಣ ಬಿಟ್ಟ. ಶ್ರವಣಬೆಳಗೊಳದ ಕಂಬವೊಂದರ ಮೇಲೆ ಅದನ್ನು ಕೆತ್ತಿದ್ದಾರೆ. ಜೈನರ ಪ್ರಕಾರ ಜೀವ ದೇಹದಷ್ಟೇ ಅಗಲ. ಇರುವೆಯಲ್ಲಿ ಇರುವೆಯಷ್ಟು, ಆನೆಯಲ್ಲಿ ಆನೆಯಷ್ಟು. ಉಪನಿಷತ್ತಿನ ಆತ್ಮಕ್ಕೆ ಅಂಥ ಅಳತೆಯಿಲ್ಲ. ಮಾರಸಿಂಹನ ಮುಂದೆ ನಾನು ತಲೆಬಾಗುತ್ತೇನೆ. ಅವನದು ದೇಹದ್ವೇಷವಲ್ಲ, ಸಾಲ ತೀರಿಸುವವನ ನಿಷ್ಠೆ.

ಹಿರೇಕೆರೂರು ತಾಲ್ಲೂಕಿನ ಅಬಲೂರಿನದು ಬೇರೆ ಕಥೆ.  ಸುಮಾರು 1200ರ ಹೊತ್ತಿನ ಅಲ್ಲಿಯ ಶಾಸನದಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಂದಿಗೆ ಪಣ ಕಟ್ಟಿ, ತನ್ನ ತಲೆಯನ್ನು ತಾನೇ ಕಡಿದು ಶಿವನಿಗೆ ಅರ್ಪಿಸಿ, ಏಳು ದಿನಗಳ ಬಳಿಕ ಗಾಯದ ಗುರುತೂ ಇಲ್ಲದೆ ಮರಳಿ ಪಡೆದನೆಂದಿದೆ. ಆಮೇಲೆ ದೊರೆ ಬಿಜ್ಜಳನ ಬಳಿಗೂ ಅವನು ಹೋದ, ಗುಡಿಗೆ ದಾನಗಳು ಬಂದವು, ಹಾನಗಲ್ಲ ಕದಂಬರ ಕಾಮದೇವನೂ ದಾನ ಕೊಟ್ಟ. ಕವಿ ಹರಿಹರ ಅವನ ಮೇಲೆ ರಗಳೆಯನ್ನೇ ಬರೆದ. ಈ ಕಥೆ ನನ್ನನ್ನು ಸೆಳೆಯುವುದಿಲ್ಲ. ಎರಡು ಮತಗಳ ಜಗಳಕ್ಕೆ ಒಂದು ಕತ್ತು ಸಾಕ್ಷಿ ಹೇಳಬೇಕೆಂಬುದರಲ್ಲಿ ಹಠ ಹೆಚ್ಚು, ಬೆಳಕು ಕಡಿಮೆ. ಆದರೂ ಒಂದು ಅಂಶ ಮನಸ್ಸಿನಲ್ಲಿ ನಿಲ್ಲುತ್ತದೆ. ಬರೀ ಆತ್ಮ ಶಿವನನ್ನು ಸೇರಿತು ಎಂದಿದ್ದರೆ ಊರಿನವರಿಗೆ ಸಾಲುತ್ತಿರಲಿಲ್ಲ. ತಲೆ ದೇಹಕ್ಕೆ ಮರಳಿ ಕೂಡಬೇಕಿತ್ತು.

ಬಂಕಾಪುರದ ಪಕ್ಕದ ಬಾಡ ಕನಕದಾಸರ ಊರು. ವ್ಯಾಸರಾಯರ ಶಿಷ್ಯರಾದ ಮೇಲೆ ಅವರು ಹಿಡಿದದ್ದು ಮಧ್ವರ ದಾರಿ. ಅದರಲ್ಲಿ ಜೀವ ಎಂದಿಗೂ ದೇವರಾಗುವುದಿಲ್ಲ, ಮೋಕ್ಷದಲ್ಲಿಯೂ ಅವನ ದಾಸನೇ. ಒಂದು ಜೀವ ಇನ್ನೊಂದಾಗುವುದಿಲ್ಲ, ಪ್ರತಿಯೊಂದಕ್ಕೂ ತನ್ನದೇ ಸ್ವರೂಪ. ಅದ್ವೈತ ಕೇಳಿ ಬೆಳೆದ ಕಿವಿಗೆ ಇದು ಮೊದಲು ಇಕ್ಕಟ್ಟೆನಿಸುತ್ತದೆ. ಆದರೆ ಆಯಿ ತೀರಿಕೊಂಡ ಮೇಲೆ ಮಧ್ವರ ಮಾತು ನನಗೆ ಬಹಳ ಸಮಾಧಾನ ಕೊಟ್ಟಿತು. ಸಮುದ್ರದಲ್ಲಿ ಹನಿ ಸೇರಿದಂತೆ ಅವಳು ಕರಗಿಹೋಗುವುದು ನನಗೆ ಬೇಕಿರಲಿಲ್ಲ. ಅವಳು ಅವಳಾಗಿಯೇ ಎಲ್ಲಿಯಾದರೂ ಇರಲಿ ಎಂದು ಆಸೆಪಟ್ಟೆ, ಈಗಲೂ ಪಡುತ್ತೇನೆ. ಕನಕದಾಸರು ಈ ಜೀವಕ್ಕೆ ಯಾವ ಕುಲ, ಆತ್ಮಕ್ಕೆ ಯಾವ ಕುಲ ಎಂದು ಕೇಳಿದರು. ಗುಡಿಯ ಬಾಗಿಲಲ್ಲಿ ತಡೆದು ನಿಲ್ಲಿಸುತ್ತಿದ್ದುದು ದೇಹಗಳನ್ನು, ಆದ್ದರಿಂದ ಆತ್ಮದ ವಿಚಾರ ಅವರಿಗೆ ಬೀದಿಯ ನ್ಯಾಯದ ವಿಚಾರವೂ ಆಗಿತ್ತು.

ಶರಣರು ಹಿಡಿದ ದಾರಿ ದೇಹದ ಮಟ್ಟಿಗೆ ಎಲ್ಲಕ್ಕಿಂತ ಧೈರ್ಯದ್ದು. ಕಲ್ಲಿನ ಗುಡಿಯ ಗೌರವವನ್ನು ಅವರು ಎತ್ತಿ ಮೈಗೆ ಕೊಟ್ಟರು. ಸ್ಥೂಲ ಶರೀರಕ್ಕೆ ಇಷ್ಟಲಿಂಗ, ಸೂಕ್ಷ್ಮಕ್ಕೆ ಪ್ರಾಣಲಿಂಗ, ಕಾರಣಕ್ಕೆ ಭಾವಲಿಂಗ. ಮೂರು ಶರೀರಗಳಲ್ಲಿ ಒಂದನ್ನೂ ಹೊರಗೆ ನಿಲ್ಲಿಸಲಿಲ್ಲ. ಲಿಂಗ ಕಟ್ಟಿದ ಮೈಗೆ ಹೆತ್ತ ಸೂತಕವಿಲ್ಲ, ಮುಟ್ಟಿನ ಸೂತಕವಿಲ್ಲ, ಸತ್ತ ಸೂತಕವಿಲ್ಲ ಎಂದರು. ಆಚರಣೆಯಲ್ಲಿ ಇವತ್ತಿನ ಮನೆಗಳು ಇದನ್ನು ಎಷ್ಟು ಮರೆತಿವೆ ಎಂಬುದು ಹೆಂಗಸರಿಗೆ ಗೊತ್ತು. ಆದರೆ ಕೊನೆಯ ಪಯಣದಲ್ಲಿ ಮಾತ್ರ ಆ ತತ್ತ್ವ ಇನ್ನೂ ಕೈಯಲ್ಲಿದೆ. ಕುಣಿಯಲ್ಲಿ ಒಂದು ಮಗ್ಗುಲಿಗೆ ಗೂಡು ಕೊರೆದು, ಪೂಜೆಗೆ ಕೂತ ಭಂಗಿಯಲ್ಲಿಯೇ ದೇಹವನ್ನಿಟ್ಟು, ಎಡ ಅಂಗೈಯಲ್ಲಿ ಇಷ್ಟಲಿಂಗ ಇರಿಸಿ, ವಿಭೂತಿ, ಪತ್ರಿ ತುಂಬಿ ಮಣ್ಣು ಕೊಡುತ್ತಾರೆ. ಇಷ್ಟು ದಿನ ಲಿಂಗವನ್ನು ಹೊತ್ತ ಮೈ ಅದು. ಅದನ್ನು ಎಸೆಯಬೇಕಾದ ವಸ್ತುವೆಂದು ಹೇಗೆ ಕಾಣುವುದು? ಪಡಸಾಲೆಯಲ್ಲಿ ಹಾಡಿಗೂ ಉಪಚಾರಕ್ಕೂ ಜಗಳವಿಲ್ಲದ್ದು ಇದರಿಂದಲೇ ಎಂದು ನನಗೆ ಹೊಳೆಯಿತು. ಹಾಡು ಉಳಿದವರಿಗೆ, ಉಪಚಾರ ಹೋದವರಿಗೆ.

ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗು ತನ್ನ ತಂದೆ ವರುಣನನ್ನು ಬ್ರಹ್ಮವೆಂದರೇನು ಎಂದು ಕೇಳುತ್ತಾನೆ. ತಂದೆ ತಪಸ್ಸು ಮಾಡು ಎಂದು ಕಳಿಸುತ್ತಾನೆ. ಅನ್ನವೇ ಬ್ರಹ್ಮ ಎಂದು ತಿಳಿದು ಮಗ ಬರುತ್ತಾನೆ. ತಂದೆ ತಪ್ಪೆನ್ನುವುದಿಲ್ಲ, ಮತ್ತೆ ತಪಸ್ಸು ಮಾಡು ಎನ್ನುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನ, ಕೊನೆಗೆ ಆನಂದ. ಅಲ್ಲಿಗೆ ಮುಗಿಯಿತು ಎಂದು ಬಹಳ ಜನ ಪುಸ್ತಕ ಮುಚ್ಚುತ್ತಾರೆ. ಆದರೆ ಉಪನಿಷತ್ತು ಮುಂದೆ ನಡೆಯುತ್ತದೆ, ನಡೆದು ಮತ್ತೆ ಅನ್ನಕ್ಕೇ ಇಳಿಯುತ್ತದೆ. ಅನ್ನವನ್ನು ನಿಂದಿಸಬಾರದು, ಎಸೆಯಬಾರದು, ಹೆಚ್ಚು ಬೆಳೆಯಬೇಕು, ವಸತಿ ಕೇಳಿ ಬಂದವರನ್ನು ಇಲ್ಲವೆನ್ನಬಾರದು ಎಂದು ವ್ರತಗಳನ್ನು ಹೇಳುತ್ತದೆ. ಆನಂದವನ್ನು ಮುಟ್ಟಿದವನಿಗೆ ಕೊಟ್ಟ ಕೆಲಸ ಇದು. ಆತ್ಮವನ್ನು ಅರಿತವರು ಬೇರೆಯವರ ಹೊಟ್ಟೆಯ ಕಡೆಗೆ ತಿರುಗಬೇಕೆಂಬ ಈ ಭಾಗವನ್ನು ಮಕ್ಕಳಿಗೆ ಮೊದಲು ಕಲಿಸಬೇಕೆಂದು ನನ್ನ ಆಸೆ.

ಹಾಗೆ ತಿರುಗಿದ ಒಬ್ಬರು ಹಾನಗಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು. 1867ರಲ್ಲಿ ಹುಟ್ಟಿ 1930ರಲ್ಲಿ ಲಿಂಗೈಕ್ಯರಾದವರು, 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದವರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಕಣ್ಣಿಲ್ಲದ ಇಬ್ಬರು ಅಣ್ಣತಮ್ಮಂದಿರಿದ್ದರು. ಅವರ ಕೊರಳನ್ನು ಕೇಳಿ ಸ್ವಾಮಿಗಳು ಇಬ್ಬರನ್ನೂ ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಅವರಲ್ಲೊಬ್ಬರು ಪಂಚಾಕ್ಷರಿ ಗವಾಯಿಗಳು, ಹುಟ್ಟಿದ್ದು 1892ರಲ್ಲಿ. ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತರು. ಅಂಧ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗಿ, ನಾಟಕ ಕಂಪನಿ ಕಟ್ಟಿ, ಅವರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅವರಿಂದಲೇ. ಬಸವರಾಜ ರಾಜಗುರು ಅವರ ಶಿಷ್ಯರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲ್ಲೂಕಿನವರೇ, ಹಸುಳೆಯಲ್ಲಿಯೇ ಕಣ್ಣು ಕಳೆದುಕೊಂಡವರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿ ಬರೆದರು, ಹಲವು ವಾದ್ಯ ನುಡಿಸಿದರು, 2010ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದರು.

ಸಾಂಖ್ಯರು ಪ್ರಕೃತಿಯನ್ನು ನಡೆಯಬಲ್ಲ ಕುರುಡನೆಂದೂ ಪುರುಷನನ್ನು ನೋಡಬಲ್ಲ ಹೆಳವನೆಂದೂ ಹೇಳಿ, ಕುರುಡನ ಹೆಗಲ ಮೇಲೆ ಹೆಳವನನ್ನು ಕೂಡ್ರಿಸುತ್ತಾರೆ. ದೇಹ ಆತ್ಮಗಳ ಸಂಬಂಧ ಅಷ್ಟೇ, ದಾರಿ ಮುಗಿದ ಮೇಲೆ ಇಬ್ಬರೂ ಬೇರೆ ಎಂಬುದು ಅವರ ಲೆಕ್ಕ. ಆ ದೃಷ್ಟಾಂತ ಕಟ್ಟಿದವರು ಗದುಗಿನ ಆಶ್ರಮವನ್ನು ಕಂಡಿದ್ದರೆ ಕುರುಡನಿಗೆ ದಾರಿ ತೋರುವವನು ಹೆಗಲ ಮೇಲೆ ಕೂತಿರಲೇಬೇಕು ಎಂದು ಹೇಳುತ್ತಿರಲಿಲ್ಲ ಅನಿಸುತ್ತದೆ. ಅಲ್ಲಿ ಕಾಣದ ಮಗು ತಬಲಾದ ಮೇಲೆ ಬೆರಳಿಟ್ಟು, ಪೆಟ್ಟು ಎಲ್ಲಿ ಬೀಳಬೇಕೆಂಬುದನ್ನು ಕಿವಿಯಿಂದಲೂ ಚರ್ಮದಿಂದಲೂ ಕಲಿಯುತ್ತದೆ. ಮಧ್ಯಾಹ್ನವಾದರೆ ಪಂಗ್ತಿಯಲ್ಲಿ ಊಟಕ್ಕೆ ಕೂಡುತ್ತದೆ. ನಮ್ಮ ಊರುಗಳಲ್ಲಿ ಹಾಡುವ ಕೊರಳುಗಳಲ್ಲಿ, ಪೆಟಿಗೆ ನುಡಿಸುವ ಬೆರಳುಗಳಲ್ಲಿ ಆ ಆಶ್ರಮದಿಂದ ಕಲಿತು ಬಂದವು ಎಷ್ಟೋ ಇವೆ. ಕುಮಾರ ಸ್ವಾಮಿಗಳು ಅಂದು ಆ ಇಬ್ಬರು ಹುಡುಗರಿಗೆ, ಕಣ್ಣು ದೇಹದ್ದು, ನೀವು ಆತ್ಮ ಎಂದು ಉಪದೇಶ ಮಾಡಿ ಮುಂದೆ ನಡೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಸಂಗೀತದ ಮಾಸ್ತರನ್ನು ಹುಡುಕಿದರು, ಇಬ್ಬರ ಊಟದ ವ್ಯವಸ್ಥೆಯನ್ನೂ ಮಾಡಿದರು.